'ಸಂಗ್ಯಾ-ಬಾಳ್ಯಾ': ವಿನೋದದಿಂದ ಕರುಣಕ್ಕೆ

ವಿನೋದವಾಗಿ ಮೊದಲಾದ ಪ್ರೇಮಕಥೆಯೊಂದು ಮುಗಿಯುವ ಹೊತ್ತಿಗೆ ಗಂಭೀರವಾಗಿ ತಿರುಗಿದರೆ ರಸಿಕರಲ್ಲಿ ಎರಡು ಪಂಗಡಗಳಾಗುವವು. ನಗಿಸುವದಾಗಿ ಕರೆದು ಅಳಿಸಿ ಕಳಿಸಿದರೆಂದು ಒಂದು ಪಂಗಡದವರು ಆಕ್ಷೇಪಿಸುವರು. ಕಡೆಗಾದರೂ ಕವಿಗೆ ಹೊಣೆಯರಿವಾಯಿತೆಂದು ಇನ್ನೊಂದು ಪಂಗಡದವರು ಮೆಚ್ಚುವರು. ಮೇಲುನೋಟಕ್ಕೆ ಈ ಎರಡು ಮಾತುಗಳು ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರಲ್ಲಿಯೂ ಇರುವ ತಪ್ಪು ಒಂದೇ. ಮೊದಲಿನ ನಗೆಗೂ ಕಡೆಯ ದುಃಖಕ್ಕೂ ಯಾವ ಸಂಬಂಧವೂ ಇಲ್ಲವೆಂದು ಇಬ್ಬರೂ ಹಿಡಿದಿರುವರು. ಸಂಬಂಧವಿಲ್ಲದಿದ್ದರೆ ಅಂಥ ಕೃತಿಯು ಹೊಲಿಗೆ ಬಿಟ್ಟ ಕೌದಿಯೇ ಸರಿ. ಆದರೆ ಸಂಬಂಧವಿದ್ದಲ್ಲಿ ಅದನ್ನು ಹುಡುಕಿ ತೋರಿಸುವದು ವಿಮರ್ಶಕನ ಕೆಲಸ. ನಮ್ಮ ಬೆಳಗಾವಿ ಸೀಮೆಯ ಪ್ರಸಿದ್ಧ ಸಣ್ಣಾಟವಾದ 'ಸಂಗ್ಯಾ-ಬಾಳ್ಯಾ'ವನ್ನು ಈ ದೃಷ್ಟಿಯಿಂದ ಪರೀಕ್ಷಿಸುವದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಶಾಸ್ತ್ರದ ಮಾತನ್ನು ಮೊದಲು ನೋಡೋಣ. ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ಹುಟ್ಟುವವೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ವಿಧಿಸಿರುವನು. ಶೃಂಗಾರ-ಹಾಸ್ಯಗಳದೊಂದು ಜೋಡಿ, ರೌದ್ರ-ಕರುಣಗಳದು ಇನ್ನೊಂದು. ಒಂದು ಜೋಡಿಯೊಳಗೆ ಒಂದು ರಸದಿಂದ ಇನ್ನೊಂದಕ್ಕೆ ಸಾಗುವದು ಸುಲಭ. ಮೊದಲ ಜೋಡಿಯಿಂದ ಎರಡನೆಯದಕ್ಕೆ ದಾಟುವದು ಕಠಿಣ. ಅಲ್ಲಿ ನಡುವೆ ಹೊಳೆಯಿದೆ, ಸೇತುವೆ ಬೇಕು. ಆ ಸೇತುವೆಯನ್ನು ಕವಿಯು ಯಾವುದರಿಂದ ಕಟ್ಟುತ್ತಾನೆ, ಯಾವಾಗ ಕಟ್ಟಲು ತೊಡಗುತ್ತಾನೆ ಎಂಬ ಎರಡು ಪ್ರಶ್ನೆಗಳಲ್ಲಿ ನಮ್ಮ ವಿಷಯವೆಲ್ಲ ಅಡಗಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ವಾಚಕರಿಗೆ ಇಂಥ ಪರೀಕ್ಷೆಗೆ ಬೇಕಾದ ಸಾಮಗ್ರಿ ದೂರದಿಂದ ತರಬೇಕಾಗಿಲ್ಲ. ಕೃಷ್ಣೆಯ ಈ ದಂಡೆಯಲ್ಲಿ ಕನ್ನಡದ ಬಯಲಾಟ, ಆ ಕಡೆಗೆ ಮಿರಜ-ಸಾಂಗಲಿಗಳ ಮರಾಠಿ ಸಂಗೀತನಾಟಕ, ನಡುವಿನ ಊರುಗಳ ಜಾತ್ರೆಗಳಲ್ಲಿ ತಮಾಶೆ - ಹೀಗೆ ಮೂರು ಬಗೆಯ ರಂಗಭೂಮಿಯ ಗಾಳಿಯನ್ನು ಉಂಡ ಪ್ರದೇಶವಿದು. ಇವುಗಳಿಂದ ಎರಡು ನಿದರ್ಶನಗಳನ್ನು ಮೊದಲು ತೆಗೆದುಕೊಳ್ಳುವೆವು.

ಮೊದಲನೆಯದು 'ಶ್ರೀಕೃಷ್ಣ ಪಾರಿಜಾತ'. ಅಪರಾಳ ತಮ್ಮಣ್ಣನು ರಚಿಸಿದ ಈ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗಿಸಿ ಮನೆಮಾತಾಗಿಸಿದನು. ಮುಂದೆ ಕೌಜಲಗಿಯ ನಿಂಗಮ್ಮನಂಥ ಕಲಾವತಿಯರು ಅದರ ಕೀರ್ತಿಯನ್ನು ಬೆಳೆಸಿದರು. ನಾರದನು ತಂದ ಒಂದು ಹೂವು, ಅದನ್ನು ರುಕ್ಮಿಣಿಗೆ ಕೊಟ್ಟ ಕೃಷ್ಣ, ಮುನಿದ ಭಾಮೆ - ಇಷ್ಟೇ ಕಥಾವಸ್ತು. ಸವತಿಯರ ಹೊಟ್ಟೆಕಿಚ್ಚು, ಸಖಿಯ ಓಡಾಟ, ದ್ವಾರಕೆಯ ಅರಸನು ಹೆಂಡತಿಯ ಮುಂದೆ ಪಡುವ ಪಾಡು, ಇವುಗಳಿಂದ ಇರುಳೆಲ್ಲ ನಗೆ ಹರಿಯುವದು. ಕಡೆಗೆ ಭಾಮೆಯ ಗರ್ವವು ಇಳಿಯುವಾಗ ಸಭೆಯು ಗಂಭೀರವಾಗುವದು. ಆದರೆ ಇಲ್ಲಿಯ ಗಾಂಭೀರ್ಯದಲ್ಲಿ ಭಯವಿಲ್ಲ. ಮುನಿಸಿನ ಹಿಂದೆ ಒಲುಮೆಯಿದೆಯೆಂದೂ ಗಂಡನ ವೇಷದಲ್ಲಿ ದೇವರಿರುವನೆಂದೂ ಪ್ರೇಕ್ಷಕನು ಮೊದಲೇ ಬಲ್ಲನು. ಇಲ್ಲಿ ಹೊಳೆಯನ್ನು ದಾಟುವ ಪ್ರಸಂಗವೇ ಬರುವದಿಲ್ಲ. ಶೃಂಗಾರವು ತನ್ನ ದಂಡೆಯಲ್ಲಿಯೇ ನಡೆದು ಭಕ್ತಿಯ ಗುಡಿಯನ್ನು ಸೇರುವದು.

ಎರಡನೆಯದು ಸಾಂಗಲಿಯ ಹತ್ತಿರದ ಹರಿಪುರದ ಗೋವಿಂದ ಬಲ್ಲಾಳ ದೇವಲರು ಬರೆದು 1899ರಲ್ಲಿ ರಂಗಕ್ಕೆ ಬಂದ 'ಸಂಗೀತ ಶಾರದಾ'. ಮುಪ್ಪಿನ ಭುಜಂಗನಾಥನಿಗೆ ಮತ್ತೊಂದು ಮದುವೆಯ ಹಂಬಲ. ಹಣದಾಸೆಯ ಕಾಂಚನಭಟ್ಟನು ತನ್ನ ಎಳೆಯ ಮಗಳನ್ನು ಅವನಿಗೆ ಕೊಡಲು ಸಿದ್ಧ. ನಡುವೆ ದಲಾಲನಾಗಿ ಭದ್ರೇಶ್ವರ ದೀಕ್ಷಿತ. ಮುದುಕನ ವಯ್ಯಾರವನ್ನು ಕಂಡು ನಕ್ಕು ನಕ್ಕು ದಣಿದ ಪ್ರೇಕ್ಷಕನು ಕಡೆಯಂಕದಲ್ಲಿ ತಟ್ಟನೆ ಎಚ್ಚರಗೊಳ್ಳುವನು. ಮದುವೆಯೇನೋ ಸಗೋತ್ರದ ಕಾರಣದಿಂದ ನಿಲ್ಲುವದು. ಆದರೆ ಮಂಟಪದವರೆಗೆ ಹೋಗಿ ಬಂದ ಹುಡುಗಿಗೆ ಲೋಕದಲ್ಲಿ ಸ್ಥಳವೆಲ್ಲಿ? ಶಾರದೆಯು ಪ್ರಾಣ ಬಿಡಲು ಹೊಳೆಯ ದಂಡೆಗೆ ನಡೆಯುವಳು. ಕೋದಂಡನು ಬಂದು ಉಳಿಸದಿದ್ದರೆ ನಗೆಯ ನಾಟಕವು ಸಾವಿನಲ್ಲಿ ಮುಗಿಯುತ್ತಿತ್ತು. ದೇವಲರು ಹೊಳೆಯ ಅಂಚಿಗೆ ಕರೆದೊಯ್ದು ನೀರನ್ನು ತೋರಿಸಿ ಹಿಂದಕ್ಕೆ ಕರೆತಂದರು. ಅಷ್ಟರಿಂದಲೇ ಅವರ ಹಾಸ್ಯದ ಬೆಲೆಯೇನೆಂಬದು ತಿಳಿಯಿತು. ಮುದುಕನನ್ನು ನೋಡಿ ನಗುತ್ತಿದ್ದಾಗ ಹುಡುಗಿಯ ಪ್ರಾಣವು ತೂಗುತ್ತಿದ್ದಿತೆಂಬ ಅರಿವು ನಮಗೆ ಆಗಲೇ ಬರುವದು.

ಈ ಎರಡು ಕೃತಿಗಳ ಪಕ್ಕಕ್ಕೆ 'ಸಂಗ್ಯಾ-ಬಾಳ್ಯಾ'ವನ್ನು ಇಟ್ಟು ನೋಡಿರಿ. ಇದನ್ನು ಕಟ್ಟಿದವನು ಪತ್ತಾರ ಮಾಸ್ತರನೆಂದು ಹೇಳುವ ವಾಡಿಕೆಯಿದೆ. ಬೈಲಹೊಂಗಲ ಸೀಮೆಯಲ್ಲಿ ನಿಜವಾಗಿ ನಡೆದ ಕೊಲೆಯೊಂದೇ ಇದಕ್ಕೆ ಮೂಲವೆಂಬ ಪ್ರತೀತಿಯೂ ಉಂಟು. ಮೇಳದಿಂದ ಮೇಳಕ್ಕೆ ಮಾತುಗಳು ಬದಲಾಗುವವು. ಕಥೆಯ ಎಲುಬು ಮಾತ್ರ ಒಂದೇ. ಸಂಗ್ಯಾನು ಹಣವಂತನಾದ ತರುಣ. ಬಾಳ್ಯಾನು ಅವನ ಜೀವದ ಗೆಳೆಯ. ವ್ಯಾಪಾರಿಯಾದ ಈರಣ್ಣನ ಹೆಂಡತಿ ಗಂಗೆಯನ್ನು ಕಂಡು ಸಂಗ್ಯಾನು ಮರುಳಾಗುವನು. ಗೆಳೆಯನು ಉಪಾಯ ಹೇಳುವನು; ಕುಂಟಣಗಿತ್ತಿ ಮುದುಕಿಯೊಬ್ಬಳು ನಡುವೆ ಓಡಾಡುವಳು. ಗಂಗೆಯು ಮೊದಲು ಒಲ್ಲೆನೆಂದು ಕಡೆಗೆ ಒಲಿಯುವಳು. ಗಂಡನು ವ್ಯಾಪಾರಕ್ಕೆ ಪರಸ್ಥಳಕ್ಕೆ ಹೋದಾಗ ಸಂಬಂಧ ಬೆಳೆಯುವದು. ಸುದ್ದಿ ಈರಣ್ಣನ ಕಿವಿಗೆ ಬೀಳುವದು. ಅವನೂ ಅವನ ತಮ್ಮಂದಿರೂ ಸೇಡಿಗೆ ನಿಲ್ಲುವರು, ಬಾಳ್ಯಾನು ಹಣದ ಆಸೆಗೆ ಬಿದ್ದು ಗೆಳೆಯನನ್ನು ಒಪ್ಪಿಸುವನು, ಸಂಗ್ಯಾನು ಕೊಲೆಯಾಗುವನು.

ಇಷ್ಟನ್ನು ಕೇಳಿದವರು ಇದು ಮೊದಲಿಂದಲೂ ಘೋರವಾದ ಆಟವಿದ್ದೀತೆಂದು ತಿಳಿದಾರು. ಆದರೆ ನೋಡಿದವರ ಅನುಭವ ಬೇರೆ. ಇರುಳೂಟದ ತರುವಾಯ ಮೊದಲಾಗಿ ಬೆಳಗಿನವರೆಗೆ ನಡೆಯುವ ಆಟದ ಬಹುಭಾಗವೆಲ್ಲ ವಿನೋದವೇ. ದಪ್ಪಿನ ಪೆಟ್ಟಿಗೆ ಹೆಜ್ಜೆ ಹಾಕುತ್ತ ಸಂಗ್ಯಾನು ತನ್ನ ವಿರಹವನ್ನು ಹಾಡಿದರೆ ಹಿಮ್ಮೇಳದವರು ಅವನನ್ನು ಕೆಣಕುವರು. ಬಾಳ್ಯಾನ ಚತುರತೆ, ಮುದುಕಿಯ ಬಾಯಿ, ಸಂಗ್ಯಾನ ಅವಸರ, ಇವು ಸೇರಿ ಸಭೆಯನ್ನು ನಗೆಯ ಮೇಲೆ ತೇಲಿಸುವವು. ಇಲ್ಲಿಯ ನಾಯಕನು ಧೀರನಲ್ಲ, ಉದಾತ್ತನೂ ಅಲ್ಲ. ನಮ್ಮೂರ ಓಣಿಯಲ್ಲಿ ಕಾಣಸಿಗುವ, ಮುಂಡಾಸಿನ ಚುಂಗನ್ನು ಸರಿಪಡಿಸಿಕೊಳ್ಳುವ ಶೋಕಿಯವನು. ಪೌರಾಣಿಕ ರಾಜರನ್ನು ಕುಣಿಸುವ ದೊಡ್ಡಾಟದಿಂದ ಸಣ್ಣಾಟವು ಬೇರೆಯಾಗುವದು ಈ ಸ್ಥಳದಲ್ಲಿಯೇ. ಇದರ ಪಾತ್ರಗಳು ನೆರೆಹೊರೆಯ ಜನರು, ಇದರ ಭಾಷೆ ಕಟ್ಟೆಯ ಮೇಲಿನ ಭಾಷೆ.

ಈಗ ಸೇತುವೆಯ ಪ್ರಶ್ನೆಗೆ ಬರುವೆವು. ವಿನೋದದಿಂದ ಕೊಲೆಯವರೆಗೆ ಪತ್ತಾರ ಮಾಸ್ತರನು ಹೇಗೆ ದಾಟಿದನು? ಹೊರಗಿನಿಂದ ಒಂದು ಶಾಪವನ್ನಾಗಲಿ ದೈವದ ಆಟವನ್ನಾಗಲಿ ಅವನು ತರಲಿಲ್ಲ. ಹೊಸ ದುಷ್ಟನೊಬ್ಬನನ್ನು ಕಡೆಯ ಗಳಿಗೆಯಲ್ಲಿ ರಂಗಕ್ಕೆ ಕರೆಯಲಿಲ್ಲ. ನಮ್ಮನ್ನು ನಗಿಸಿದ ಸಾಧನಗಳನ್ನೇ ಎತ್ತಿಕೊಂಡು ಅವುಗಳಿಂದಲೇ ಕೊಲೆಯ ಸಿದ್ಧತೆಯನ್ನು ನಡೆಯಿಸಿದನು. ಸಂಗ್ಯಾನ ಕೈಯ ಹಣವು ಮೊದಲು ವಿನೋದದ ವಸ್ತು. ಅದು ಬಾಗಿಲುಗಳನ್ನು ತೆರೆಯುವದನ್ನು ನೋಡಿ ನಗುವೆವು. ಹಣದಿಂದ ಬಾಗಿಲು ತೆರೆಯುವದಾದರೆ ಗೆಳೆತನದ ಬಾಗಿಲೂ ತೆರೆಯಬೇಕಲ್ಲವೆ? ಈರಣ್ಣನು ಅದನ್ನು ತಿಳಿದವನು, ಅವನು ವ್ಯಾಪಾರಿ. ಸಂಗ್ಯಾನು ಕಲಿಸಿದ ಪಾಠವನ್ನು ಅವನು ಬಾಳ್ಯಾನ ಮೇಲೆ ಪ್ರಯೋಗಿಸಿದನು, ಅಷ್ಟೇ. ಹಾಗೆಯೇ ಬಾಳ್ಯಾನ ಚತುರತೆ. ಪರರ ಮನೆಯ ಗುಟ್ಟನ್ನು ತಿಳಿದು ಬರುವ, ಹೊತ್ತು ನೋಡಿ ಕರೆದೊಯ್ಯುವ ಅವನ ಜಾಣತನಕ್ಕೆ ನಾವು ಮಧ್ಯರಾತ್ರಿಯವರೆಗೆ ತಲೆದೂಗಿರುವೆವು. ಬೆಳಗಿನ ಜಾವಕ್ಕೆ ಅದೇ ಜಾಣತನವು ಸಂಗ್ಯಾನನ್ನು ಸಾವಿನ ಜಾಗಕ್ಕೆ ಕರೆದೊಯ್ಯುವದು. ಗುಣವು ಬದಲಾಗಲಿಲ್ಲ, ಒಡೆಯನು ಮಾತ್ರ ಬದಲಾದನು.

ಆದುದರಿಂದ ಈ ಆಟದ ಕಡೆಯ ಭಾಗವನ್ನು ನೋಡುವಾಗ ಪ್ರೇಕ್ಷಕನಲ್ಲಿ ಹುಟ್ಟುವ ಕಳವಳವು ಸಾಮಾನ್ಯವಾದ ಕರುಣವಲ್ಲ. ಸಂಗ್ಯಾನಿಗಾಗಿ ಮರುಗುವದರೊಂದಿಗೆ ತಾನು ಇಷ್ಟು ಹೊತ್ತು ಯಾತಕ್ಕಾಗಿ ನಕ್ಕೆನೆಂದು ಅವನು ತನ್ನನ್ನೇ ಕೇಳಿಕೊಳ್ಳಬೇಕಾಗುವದು. ಈರಣ್ಣನ ಬೆನ್ನ ಹಿಂದೆ ನಡೆದ ಪ್ರತಿಯೊಂದು ಸಂಗತಿಯಲ್ಲಿ ನಗೆಯ ಮೂಲಕ ಅವನು ಪಾಲುಗಾರನಾಗಿದ್ದನು. ಮೋಸಹೋದ ಗಂಡನು ಜಗತ್ತಿನ ಎಲ್ಲ ವಿನೋದನಾಟಕಗಳಲ್ಲಿಯೂ ನಗೆಗೀಡಾದ ಪ್ರಾಣಿ. ಇಲ್ಲಿಯೂ ಬಹಳ ಹೊತ್ತಿನವರೆಗೆ ಹಾಗೆಯೇ ಇರುವನು. ಆದರೆ ಕಡೆಗೆ ಅವನ ನೋವು ನಿಜವಾದದ್ದೆಂದು ತೋರುವದು. ಮನೆತನದ ಮಾನವೆಂಬ ಹೆಸರಿನಲ್ಲಿ ಆ ನೋವು ಕೊಲೆಯ ರೂಪವನ್ನು ತಾಳಿದಾಗ ನಗುವವರಾರೂ ಉಳಿಯುವದಿಲ್ಲ. ಶೃಂಗಾರ-ಹಾಸ್ಯಗಳ ದಂಡೆಯಿಂದ ರೌದ್ರ-ಕರುಣಗಳ ದಂಡೆಗೆ ಇಂಥ ಸೇತುವೆಯನ್ನು ಕಟ್ಟಿದ ಕೃತಿಗಳು ಪಂಡಿತರ ರಂಗಭೂಮಿಯಲ್ಲಿಯೂ ವಿರಳ.

ಪಂಡಿತರ ಮಾತು ಬಂದುದರಿಂದ ಒಂದು ಹೋಲಿಕೆ. ಶೇಕ್ಸಪಿಯರನ 'ರೋಮಿಯೋ-ಜೂಲಿಯೆಟ್' ನಾಟಕವೂ ಅರ್ಧದವರೆಗೆ ವಿನೋದದ ಪ್ರೇಮಕಥೆಯಂತೆಯೇ ನಡೆಯುವದು. ಮರ್ಕ್ಯೂಶಿಯೋವಿನ ಮರಣದಿಂದ ಗಾಳಿಯು ಬದಲಾಗುವದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು 'ರಾಮವರ್ಮ-ಲೀಲಾವತಿ'ಯೆಂದು ಕನ್ನಡಕ್ಕೆ ಅಳವಡಿಸಿದಾಗ ಸತ್ತ ಪ್ರೇಮಿಗಳನ್ನು ದೈವಕೃಪೆಯಿಂದ ಬದುಕಿಸಲಾಯಿತು. ರಂಗದ ಮೇಲೆ ನಾಯಕನು ಸಾಯಬಾರದೆಂಬ ಸಂಪ್ರದಾಯಕ್ಕೆ ವಿದ್ವಾಂಸರು ತಲೆಬಾಗಿದರು. ನಮ್ಮ ಪತ್ತಾರ ಮಾಸ್ತರನಿಗೆ ಅಂಥ ಬಾಧೆಯಿರಲಿಲ್ಲ. ಊರ ಜನರಿಗೆ ಗೊತ್ತಿದ್ದ ಸಾವನ್ನು ಅವನು ಸಾವಾಗಿಯೇ ಉಳಿಸಿದನು. ಇದು ಸಾಹಸವೆಂದು ಅವನಿಗೆ ತೋರಿರಲಿಕ್ಕಿಲ್ಲ. ಆದರೆ ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಇದನ್ನು ಸಾಹಸವೆಂದೇ ಎಣಿಸಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಕೊಲೆಯ ಸುದ್ದಿ ಜನಜನಿತವಾದದ್ದಾದರೆ ಪ್ರೇಕ್ಷಕನಿಗೆ ಕಡೆಯೇನೆಂಬದು ಮೊದಲೇ ಗೊತ್ತು. ದೀಪ ಹಚ್ಚಿ ಗಣಪತಿಯನ್ನು ಸ್ತುತಿಸುವಾಗಲೇ ಸಂಗ್ಯಾನು ಸಾಯುವವನೆಂದು ಬಲ್ಲ ಸಭೆಯದು. ಹಾಗಾದರೆ ಇಲ್ಲಿ ತಿರುವು ಎಂಬದೆಲ್ಲಿ? ಕಥೆಯು ತಿರುಗುವದಿಲ್ಲ, ನೋಡುವವನ ಮನಸ್ಸು ತಿರುಗುವದು. ಗೊತ್ತಿದ್ದೂ ನಗುವದು, ನಗುತ್ತ ಮರೆಯುವದು, ಮರೆತಾಗ ನೆನಪಾಗುವದು - ಮನುಷ್ಯರು ತಮ್ಮ ಬಾಳುವೆಯನ್ನು ಸಾಗಿಸುವ ರೀತಿಯೂ ಇದೇ ಅಲ್ಲವೆ? ಕಡೆಯನ್ನು ಬಚ್ಚಿಟ್ಟು ಬೆಚ್ಚಿಬೀಳಿಸುವ ಕಾದಂಬರಿಕಾರನ ಉಪಾಯಕ್ಕಿಂತ ಇದು ಹೆಚ್ಚಿನದೆಂದು ನಮ್ಮ ಅಭಿಪ್ರಾಯ. ಬೆಚ್ಚುವಿಕೆಯು ಒಮ್ಮೆ ಮಾತ್ರ ಫಲಿಸುವದು. ಇದು ಆಟವನ್ನು ಹತ್ತು ಸಲ ನೋಡಿದವನಲ್ಲಿಯೂ ಫಲಿಸುವದು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚುವದು ನ್ಯಾಯವಲ್ಲ. ಬಾಳ್ಯಾನ ದ್ರೋಹವು ಅವಸರದಲ್ಲಿ ನಡೆದುಹೋಗುವದು. ಅವನ ಆಸೆಯ ಬೀಜವು ಮೊದಲೇ ಬಿದ್ದಿರುವದೇನೋ ದಿಟ. ಆದರೆ ಮೊಳಕೆಯೊಡೆಯುವ ಗಳಿಗೆಯಲ್ಲಿ ಅವನ ಒಳಗಿನ ತಳಮಳಕ್ಕೆ ಇನ್ನೆರಡು ಹಾಡುಗಳಾದರೂ ಬೇಕಾಗಿದ್ದವು. ಜಾಣ ನಟನು ಈ ಕೊರತೆಯನ್ನು ಮೌನದಿಂದ ತುಂಬಿಸಿಯಾನು. ನಟನು ಸಾಧಾರಣನಾದರೆ ಬಾಳ್ಯಾನು ಬರಿಯ ಬೊಂಬೆಯಾಗುವನು. ಇದಕ್ಕಿಂತ ದೊಡ್ಡ ಕೊರತೆ ಗಂಗೆಯದು. ಆಟದ ಹೆಸರಿನಲ್ಲಿಯೇ ಅವಳಿಗೆ ಎಡೆಯಿಲ್ಲ. ಇಬ್ಬರು ಗಂಡಸರ ಗೆಳೆತನ ಕೆಟ್ಟುದೇ ಮುಖ್ಯವೆಂಬಂತೆ ಜನರು ಈ ಕಥೆಯನ್ನು ಹೆಸರಿಟ್ಟು ಕರೆದರು. ಒಲ್ಲೆನೆಂದವಳು ಒಲಿದುದೇಕೆ? ವ್ಯಾಪಾರದ ಗಂಡನ ಮನೆಯಲ್ಲಿ ಅವಳ ಹಗಲಿರುಳುಗಳು ಹೇಗಿದ್ದವು? ಈ ಪ್ರಶ್ನೆಗಳನ್ನು ಆಟವು ಎಬ್ಬಿಸುವದು, ಉತ್ತರಕ್ಕಾಗಿ ನಿಲ್ಲುವದಿಲ್ಲ. ಪರನಾರಿಯ ಮೋಹವು ಕೆಡಿಸುವದೆಂಬ ನೀತಿಯನ್ನು ಮಾತ್ರ ಎತ್ತಿಕೊಂಡು ಮನೆಗೆ ಹೋಗುವವರು ಗಂಗೆಯನ್ನು ಬಲೆಯೆಂದು ಎಣಿಸಿ ಮರೆಯುವರು. ಆಟದೊಳಗೆ ಅವಳು ಬಲೆಗಿಂತ ಹೆಚ್ಚಿನವಳು.

ಈ ಕೊರತೆಯನ್ನು ಕಂಡು ತುಂಬಿಸಿದವರು ನಮ್ಮ ನೆರೆಯ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು. 'ಸಂಗ್ಯಾ-ಬಾಳ್ಯಾ'ವನ್ನು ಕಳೆದ ಶತಮಾನದ ಅರವತ್ತರ ದಶಕದಲ್ಲಿ ಸಂಪಾದಿಸಿ ವಿದ್ಯಾವಂತರ ಮುಂದಿಟ್ಟವರೂ ಅವರೇ. ಅವರ 'ಜೋಕುಮಾರಸ್ವಾಮಿ' ನಾಟಕವು 1972ರಲ್ಲಿ ಹೊರಬಂದಿತು. ಮಕ್ಕಳಿಲ್ಲದ ಗೌಡತಿಯು ಗಂಡನಿಗೆಂದು ಮಾಡಿದ ಪಡವಲದ ಪಲ್ಯವನ್ನು ಬಸಣ್ಣನು ಉಣ್ಣುವದು, ಅದರಿಂದಾಗುವ ಗೊಂದಲ, ಗೌಡನ ಬಡಾಯಿ - ಇವೆಲ್ಲ ನಗೆಯ ಹೊಳೆಯೇ. ಕಡೆಗೆ ಬಸಣ್ಣನು ಗೌಡನ ಕಡೆಯವರಿಂದ ಕೊಲೆಯಾಗುವನು. ಹೊರಗಿನ ಆಕಾರವು ಸಣ್ಣಾಟದ್ದೇ. ಆದರೆ ಇಲ್ಲಿ ಹೆಣ್ಣಿನ ಬಯಕೆಯು ಕಥೆಯ ನಡುಗಂಬವಾಗಿ ನಿಂತಿದೆ. ಬಸಣ್ಣನ ಸಾವಿನ ಹಿಂದೆ ಭೂಮಿ ಯಾರದೆಂಬ ಜಗಳವೂ ಇದೆ. ಗಂಗೆಗೆ ಸಿಗದ ಮಾತು ಗೌಡತಿಗೆ ಸಿಕ್ಕಿತು. ಹಳೆಯ ಆಟವೊಂದರ ಕೊರತೆಯೇ ಹೊಸ ನಾಟಕಕ್ಕೆ ಕಾರಣವಾಗುವದು ಸಾಹಿತ್ಯದಲ್ಲಿ ಅಪರೂಪವಲ್ಲ.

ಈ ವಿಚಾರವು ನಮ್ಮ ನಾಡಿಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಇಂದಿನ ಮನೆಗಳಲ್ಲಿ ಮಕ್ಕಳು ಜಪಾನ ದೇಶದ 'ಮಂಗಾ' ಎಂಬ ಚಿತ್ರಕಥೆಗಳನ್ನು ಓದುತ್ತಿರುವರು. ವಾರವಾರವೂ ಕಂತಾಗಿ ಬಂದು ವರ್ಷಗಟ್ಟಲೆ ನಡೆಯುವ ಪ್ರೇಮವಿನೋದಗಳು ಅವುಗಳಲ್ಲಿ ಹೇರಳ. ತಕಾಹಾಶಿ ರುಮಿಕೋ ಎಂಬ ಲೇಖಕಿಯು 1980ರಿಂದ 1987ರವರೆಗೆ ಬರೆದ 'ಮೇಝೋನ್ ಇಕ್ಕೊಕು' ಅವುಗಳಲ್ಲಿ ಹೆಸರಾದದ್ದು. ಹಳೆಯದೊಂದು ಬಾಡಿಗೆಮನೆ; ಅದನ್ನು ನೋಡಿಕೊಳ್ಳಲು ಬಂದ ಎಳೆಯ ವಿಧವೆ ಕ್ಯೋಕೋ; ಪರೀಕ್ಷೆಯಲ್ಲಿ ನಪಾಸಾಗುತ್ತ ಅವಳಿಗೆ ಮನಸೋತ ಗೊದಾಯಿ. ತಪ್ಪು ತಿಳುವಳಿಕೆಗಳ ಮೇಲೆ ತಪ್ಪು ತಿಳುವಳಿಕೆಗಳಾಗಿ ನಗೆ ಉಕ್ಕುವದು. ಕ್ಯೋಕೋಳ ನಾಯಿಯ ಹೆಸರು 'ಸೋಯಿಚಿರೋ'. ತೀರಿಕೊಂಡ ಅವಳ ಗಂಡನ ಹೆಸರೂ ಅದೇ. ಮೊದಲು ಇದು ಒಂದು ತಮಾಶೆಯ ಸಂಗತಿ. ಆದರೆ ಕಡೆಕಡೆಗೆ ಗೊದಾಯಿಯು ಆ ಸತ್ತ ಗಂಡನ ಸಮಾಧಿಯ ಮುಂದೆ ನಿಂತು, ಅವನ ನೆನಪಿನ ಸಮೇತವಾಗಿ ಅವಳನ್ನು ಸ್ವೀಕರಿಸುವೆನೆಂದು ಹೇಳುವಾಗ ಆ ಹೆಸರಿನ ಭಾರವು ಓದುಗನಿಗೆ ತಿಳಿಯುವದು. ಸಾವು ಆ ಕಥೆಯ ಹೊಸ್ತಿಲಲ್ಲಿಯೇ ಕುಳಿತಿದ್ದಿತು. ನಾವು ಅದನ್ನು ಹೆಸರು ಹಿಡಿದು ಕರೆದು ನಕ್ಕಿದ್ದೆವು. ದೇಶ ಬೇರೆ, ಕಲೆ ಬೇರೆ. ಪತ್ತಾರ ಮಾಸ್ತರನ ಆಟದಲ್ಲಿ ನಾವು ಕಂಡ ನಿಯಮವು ಅಲ್ಲಿಯೂ ನಡೆದಿದೆ. ಭೇದವೆಂದರೆ ಜಪಾನಿನ ಲೇಖಕಿಯು ಸತ್ತವನ ನೆನಪಿನಿಂದ ಬದುಕಿದವರ ಮದುವೆಗೆ ಸೇತುವೆ ಕಟ್ಟಿದಳು. ನಮ್ಮವನು ಬದುಕಿದವನ ಚೆಲ್ಲಾಟದಿಂದ ಸಾವಿಗೆ ಕಟ್ಟಿದನು.

ಇದೇ ನಿಯಮದಿಂದ ಕೆಟ್ಟ ತಿರುವುಗಳನ್ನೂ ಗುರುತಿಸಬಹುದು. ನಗಿಸುವ ಸರಕು ತೀರಿದುದಕ್ಕಾಗಿ ನಾಯಕಿಗೆ ರೋಗವನ್ನೋ ಅಪಘಾತವನ್ನೋ ತಂದು ಹಚ್ಚುವ ಕೃತಿಗಳಿಗೆ ಯಾವ ಭಾಷೆಯಲ್ಲಿಯೂ ಕೊರತೆಯಿಲ್ಲ. ಅಂಥವುಗಳಲ್ಲಿ ಕಣ್ಣೀರು ಬಂದರೂ ಮೊದಲಿನ ನಗೆಯು ಬೇರೆ ಬೆಳಕಿನಲ್ಲಿ ಕಾಣುವದಿಲ್ಲ. ಕೃತಿಯ ಕಡೆಯನ್ನು ಓದಿದ ಮೇಲೆ ಮೊದಲನ್ನು ಮತ್ತೆ ತೆರೆದು ನೋಡಬೇಕು. ಅಲ್ಲಿಯ ಒಂದೊಂದು ವಿನೋದವೂ ಹೊಸ ಅರ್ಥವನ್ನು ಕೊಟ್ಟರೆ ಕವಿಯು ಗೆದ್ದನು. ಮೊದಲಿನಂತೆಯೇ ಇದ್ದರೆ ಕಡೆಯು ಅಂಟಿಸಿದ ತೇಪೆಯೆಂದು ತಿಳಿಯಬೇಕು.

ಕೊನೆಯದಾಗಿ ನಮ್ಮ ವಿದ್ಯಾವಂತ ಮನೆತನಗಳಿಗೆ ಒಂದು ಬಿನ್ನಹ. ಸಣ್ಣಾಟವೆಂದರೆ ಅಶ್ಲೀಲ, ಕುಲೀನರು ನೋಡತಕ್ಕದ್ದಲ್ಲ ಎಂಬ ಅಭಿಪ್ರಾಯವು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ'ವನ್ನು ಹೆಮ್ಮೆಯಿಂದ ಕಪಾಟಿನಲ್ಲಿ ಇಡುವವರು 'ಸಂಗ್ಯಾ-ಬಾಳ್ಯಾ'ದ ಹೆಸರು ಹೇಳಲು ಸಂಕೋಚಪಡುವರು. ಆಟದ ಮೊದಲ ಭಾಗದಲ್ಲಿ ಸಡಿಲಾದ ಮಾತುಗಳಿರುವದು ನಿಜ. ಆದರೆ ಅವುಗಳನ್ನು ಕತ್ತರಿಸಿ ತೆಗೆದು ಕೊಲೆಯ ನೀತಿಯನ್ನು ಮಾತ್ರ ತೋರಿಸಿದರೆ ಉಳಿಯುವದು ಒಣ ಉಪದೇಶ. ಅದರಂತೆ ಜಾತ್ರೆಯ ಗದ್ದಲಕ್ಕೆ ಒಲಿದು ವಿನೋದವನ್ನು ಹಿಗ್ಗಲಿಸಿ, ಹೊತ್ತಾಯಿತೆಂದು ಕಡೆಯ ಭಾಗವನ್ನು ಮೊಟಕುಮಾಡಿದರೆ ಉಳಿಯುವದು ಬರಿಯ ಚೇಷ್ಟೆ. ಮೊದಲನೆಯದು ಮಡಿವಂತರ ಅಪರಾಧ, ಎರಡನೆಯದು ಮೇಳದವರ ಅಪರಾಧ. ಎರಡರಿಂದಲೂ ಆಟವು ಸಾಯುವದು. ನಗೆಯನ್ನು ಪೂರ್ಣವಾಗಿ ನಗಲು ಬಿಡಬೇಕು, ಆ ನಗೆಯ ಲೆಕ್ಕವನ್ನು ಬೆಳಗಿನ ಜಾವಕ್ಕೆ ಪೂರ್ಣವಾಗಿ ಕೇಳಬೇಕು. ಅಕ್ಷರವಂತರ ಸಭೆಗಳು ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ ಇಡಿಯ ಆಟವನ್ನು ಮೊದಲಿಂದ ಕಡೆಯವರೆಗೆ ಆಡಿಸಿ, ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದು ಕುಳಿತು ನೋಡಿ, ಮರುದಿನ ಗಂಗೆಯ ವಿಷಯವಾಗಿ ಅವರ ಅಭಿಪ್ರಾಯವನ್ನು ಕೇಳಲಿ. ನೂರು ಉಪನ್ಯಾಸಗಳಿಂದ ತಿಳಿಯದ ಸಂಗತಿಯು ಆ ಒಂದು ಮಾತುಕತೆಯಿಂದ ತಿಳಿದೀತು.